ವಾಯಿದೆ ಮೀರಿದ ಸಾಲ

ಅಂಗಡಿಕಾರ ಬಂಧುಗಳಿಗೆ ವಾಯಿದೆ ಎಂದರೇನೆಂದು ನಾನು ಹೇಳಿಕೊಡಬೇಕಾಗಿಲ್ಲ. ಹೇಳಿದ ದಿನಕ್ಕೆ ಹಣ ಕಟ್ಟದಿದ್ದರೆ ಮಂಡಿ ಸಾಹುಕಾರ ಮರುದಿನ ಬೆಳಿಗ್ಗೆ ಬಾಗಿಲಲ್ಲಿರುತ್ತಾನೆ. ಕಾರ್ಮಿಕ ಬಂಧುಗಳಿಗೂ ಗೊತ್ತು: ಐದು ನಿಮಿಷ ತಡವಾದರೆ ಗೇಟು ಮುಚ್ಚುತ್ತದೆ. ಆದರೆ ವಾಯಿದೆ ಮೀರಿದರೂ ನಿಶ್ಚಿಂತೆಯಿಂದಿರುವ ಸಾಲಗಾರನೊಬ್ಬ ಈ ದೇಶದಲ್ಲಿದ್ದಾನೆ. ಅವನ ಹೆಸರು ಸರ್ಕಾರ. ಅವನು ಸಾಲ ಉಳಿಸಿಕೊಂಡಿರುವುದು ನಮ್ಮ ಮಕ್ಕಳಿಗೆ.

ಸಾಲಪತ್ರ ಯಾವುದೆಂದು ಕೇಳುವಿರಾ? ಸಂವಿಧಾನವೇ. 1950ರ ಜನವರಿ 26ರಂದು ಜಾರಿಗೆ ಬಂದಾಗ ಅದರ 45ನೇ ವಿಧಿ, ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ಹತ್ತು ವರ್ಷದೊಳಗೆ ಪ್ರಯತ್ನಿಸಬೇಕೆಂದು ವಿಧಿಸಿತ್ತು. 1960ಕ್ಕೆ ವಾಯಿದೆ ಮುಗಿಯಿತು. ಆದರೆ ಆ ವಿಧಿಯನ್ನು ಇಟ್ಟದ್ದು ನಿರ್ದೇಶಕ ತತ್ವಗಳ ಭಾಗದಲ್ಲಿ. ಅವನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವಂತಿಲ್ಲವೆಂದು 37ನೇ ವಿಧಿ ಹೇಳುತ್ತದೆ. ಸಾಲಪತ್ರವುಂಟು, ದಾವೆ ಹೂಡುವಂತಿಲ್ಲ!

ಈ ಬೀಗವನ್ನು ಅಲ್ಲಾಡಿಸಿದ್ದು ನಮ್ಮ ನಾಡಿನದೇ ಒಂದು ಮೊಕದ್ದಮೆ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಹೊರರಾಜ್ಯದವರಿಗೆ 60,000 ರೂಪಾಯಿ. ಈ ದರಕ್ಕೆ 1989ರ ಕರ್ನಾಟಕ ಸರ್ಕಾರದ ಅಧಿಸೂಚನೆಯ ಮುದ್ರೆಯಿತ್ತು. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಶಿಕ್ಷಣವು ಪ್ರಜೆಯ ಹಕ್ಕು ಎಂದು 1992ರಲ್ಲಿ ಕೋರ್ಟು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕಿಗೆ ಹದಿನಾಲ್ಕು ವರ್ಷದ ಗೆರೆ ಎಳೆದು, ಅಲ್ಲಿಯವರೆಗೆ ಅದು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2002ರಲ್ಲಿ 86ನೇ ತಿದ್ದುಪಡಿಯಿಂದ 21ಎ ವಿಧಿ ಸೇರಿತು: ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಯಿತು. ಅದರ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಹತ್ತು ವರ್ಷದ ಮಾತಿಗೆ ಅರವತ್ತು ವರ್ಷ!

ಸರಿ, ಈಗಲಾದರೂ ಸಾಲ ತೀರಿತೆ? 2019ರ ಬೇಸಿಗೆಯಲ್ಲಿ ಬೆಂಗಳೂರಿನ ನಂದಿನಿ ಲೇಔಟ್‌ನ ಟೀ ಅಂಗಡಿಯ ಮುಂದೆ, ಗಾರ್ಮೆಂಟ್ಸಿಗೆ ಹೋಗುವ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಮೇಷ್ಟ್ರೇ, ನಮ್ಮ ಕಡೆ ಸರ್ಕಾರಿ ಸ್ಕೂಲ್ ಐತಂತೆ, ಅದಕ್ಕೇ ಮಗೂಗೆ ಪ್ರೈವೇಟಲ್ಲಿ ಫ್ರೀ ಸೀಟಿಲ್ಲವಂತೆ. ಸ್ಕೂಲೈತೆ ಸರಿ, ಒಳಗೆ ಮೇಷ್ಟ್ರು ಅವ್ರಾ ಅಂತ ಯಾರಾದ್ರೂ ನೋಡಿದ್ರಾ?"

ವಿಷಯ ಇಷ್ಟು. ಕಾಯಿದೆಯ 12ನೇ ಕಲಮಿನಂತೆ ಅನುದಾನರಹಿತ ಖಾಸಗಿ ಶಾಲೆಗಳು ಶೇಕಡ 25 ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ವೆಚ್ಚವನ್ನು ಸರ್ಕಾರ ತುಂಬಿಕೊಡಬೇಕು. ಕರ್ನಾಟಕ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲವೆಂದು 2019–20ರಿಂದ ಬಾಗಿಲು ಹಾಕಿತು. ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇಂಥದೇ ನಿಯಮವನ್ನು 2024ರಲ್ಲಿ ಮಹಾರಾಷ್ಟ್ರ ತಂದಾಗ ಬಾಂಬೆ ಹೈಕೋರ್ಟು ರದ್ದು ಮಾಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಳ್ಳಲ್ಲ.

ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ, ಅವನ್ನು ಉಳಿಸಲು ಹೀಗೆ ಮಾಡಿದೆವು ಎಂದರು. ಖಾಸಗಿ ಶಾಲೆಗೆ ಸರ್ಕಾರದ ಹಣ ಸುರಿಯುವುದು ನನಗೂ ಒಪ್ಪಿಗೆಯಲ್ಲ. ಸರ್ಕಾರಿ ಶಾಲೆ ಉಳಿಯಬೇಕೆಂಬುದೇ ನನ್ನ ವಾದ. ಆದರೆ ಬಡವರ ಮಗುವಿಗೆ ಬೇರೆ ದಾರಿ ಮುಚ್ಚಿದ ಮಾತ್ರಕ್ಕೆ ಶಾಲೆ ಉದ್ಧಾರವಾಗುವುದೆ? ಪ್ರತಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕ, ಶಿಕ್ಷಕರಿಗೊಂದು ಕೋಣೆ, ಕುಡಿಯುವ ನೀರು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಗ್ರಂಥಾಲಯ, ಆಟದ ಮೈದಾನ: ಇದು ಅದೇ ಕಾಯಿದೆ ಹಾಕಿದ ಅಳತೆ. ಇದ್ದ ಶಾಲೆಗಳು ಮೂರು ವರ್ಷದಲ್ಲಿ ಈ ಅಳತೆ ಮುಟ್ಟಬೇಕಿತ್ತು. ಆ ವಾಯಿದೆಯೂ 2013ರ ಮಾರ್ಚಿಗೆ ಮೀರಿತು. ಅಳತೆ ಮುಟ್ಟದ ಖಾಸಗಿ ಶಾಲೆಯ ಮಾನ್ಯತೆ ಹೋಗುತ್ತದೆ. ಸರ್ಕಾರದ ಸ್ವಂತ ಶಾಲೆ ಮುಟ್ಟದಿದ್ದರೆ? ಕಾಯಿದೆಯಲ್ಲಿ ಅದಕ್ಕೆ ದಂಡವಿಲ್ಲ. ತಕ್ಕಡಿಯೂ ಅವನದೇ, ತೂಕದ ಕಲ್ಲೂ ಅವನದೇ!

ಹಣ ಕೇಳಿದರೆ ಬೆಂಗಳೂರು ದೆಹಲಿಯತ್ತ ಬೆರಳು ತೋರಿಸುತ್ತದೆ, ದೆಹಲಿ ಬೆಂಗಳೂರಿನತ್ತ. ರಾಜ್ಯಗಳ ಪಟ್ಟಿಯಲ್ಲಿದ್ದ ಶಿಕ್ಷಣವನ್ನು 1976ರ 42ನೇ ತಿದ್ದುಪಡಿ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ಹಾಕಿತು. ಖರ್ಚಿನ ಹೊಣೆಯೂ ಇಬ್ಬರದೆಂದು ಕಾಯಿದೆಯ 7ನೇ ಕಲಮು ಹೇಳುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಬಂಧುಗಳೇ, ಈಗ ನಾವು ಮಾಡಬೇಕಾದ್ದೇನು? ಸಾಲಗಾರನನ್ನು ಶಪಿಸುತ್ತ ಕೂತರೆ ಸಾಲ ವಸೂಲಾಗದು. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು. ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಶಾಲೆಗೆ ಏನು ಬೇಕೆಂಬ ಯೋಜನೆ ಬರೆಯುವ ಅಧಿಕಾರ ಆ ಸಮಿತಿಯದು. ಅರ್ಧ ದಿನದ ಕೂಲಿ ಹೋದರೂ ಹೋಗಲಿ, ಅಂಗಡಿಯ ಬಾಗಿಲು ಒಂದು ಗಳಿಗೆ ತಡವಾಗಿ ತೆರೆದರೂ ತೆರೆಯಲಿ, ಆ ಸಭೆಗೆ ಹೋಗಿ ಕುಳಿತುಕೊಳ್ಳಿ. ಕಾಯಿದೆಯ ಅಳತೆಪಟ್ಟಿ ಕೈಯಲ್ಲಿರಲಿ. ಇಲ್ಲದ್ದನ್ನು ಒಂದೊಂದಾಗಿ ಬರೆಯಿಸಿ, ಸಹಿ ಹಾಕಿ, ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಟ್ಟು ರಸೀದಿ ಪಡೆಯಿರಿ. ದೂರನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕೆಂದು 32ನೇ ಕಲಮಿನಲ್ಲಿದೆ.

ನಾವು ಭಿಕ್ಷೆ ಕೇಳುತ್ತಿಲ್ಲ. ನಮ್ಮ ಮಕ್ಕಳ ಬಾಕಿ ಕೇಳುತ್ತಿದ್ದೇವೆ. ಮಂಡಿ ಸಾಹುಕಾರನಂತೆ ನಾವೂ ಬೆಳಿಗ್ಗೆಯೇ ಬಾಗಿಲಲ್ಲಿ ನಿಲ್ಲೋಣ.