ಅಗೆತಕ್ಕೆ ಮುನ್ನ ಭೂಗತ ಮಾರ್ಗಗಳ ಗುರುತು: ಒಂದು ಅವಲೋಕನ

ನಗರದ ರಸ್ತೆಗಳ ಅಡಿಯಲ್ಲಿ ಕುಡಿಯುವ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ಆಪ್ಟಿಕಲ್ ಫೈಬರ್ ಹಾಗೂ ಅನಿಲ ಕೊಳವೆಗಳು ಹಾದುಹೋಗಿರುತ್ತವೆ. ಇವು ಬೇರೆ ಬೇರೆ ಸಂಸ್ಥೆಗಳಿಗೆ ಸೇರಿರುವುದರಿಂದ, ಒಂದು ಸಂಸ್ಥೆಯ ಅಗೆತವು ಮತ್ತೊಂದರ ಆಸ್ತಿಗೆ ಹಾನಿಯುಂಟುಮಾಡುವ ಸಂಭವವಿರುತ್ತದೆ. ಸಮನ್ವಯವಿಲ್ಲದ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆಯೆಂದು ಕೇಂದ್ರ ಸರ್ಕಾರವು 2023ರಲ್ಲಿ ತಿಳಿಸಿತ್ತು.

ಈ ಹಿನ್ನೆಲೆಯಲ್ಲಿ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್‌ಗೆ ಚಾಲನೆ ನೀಡಲಾಯಿತು. ಅಗೆಯುವವರು ತಮ್ಮ ಕಾಮಗಾರಿಯ ವಿವರವನ್ನು ಇದರಲ್ಲಿ ನಮೂದಿಸಿದಲ್ಲಿ, ಆ ಸ್ಥಳದಲ್ಲಿ ಮಾರ್ಗಗಳನ್ನು ಹೊಂದಿರುವ ನೋಂದಾಯಿತ ಸಂಸ್ಥೆಗಳಿಗೆ ಎಸ್‌ಎಂಎಸ್ ಹಾಗೂ ಇ-ಮೇಲ್ ಮೂಲಕ ಸೂಚನೆ ರವಾನೆಯಾಗುತ್ತದೆ.

ಆದರೆ ಸೂಚನೆ ತಲುಪಿದ ಮಾತ್ರಕ್ಕೆ ಅಪಾಯ ನಿವಾರಣೆಯಾಗುವುದಿಲ್ಲ. ರಸ್ತೆ ಅಗಲೀಕರಣದ ನಂತರ, ಹಿಂದೆ ಅಂಚಿನಲ್ಲಿದ್ದ ಕೊಳವೆಯು ರಸ್ತೆಯ ನಡುವೆಯೇ ಉಳಿದಿರಬಹುದು. ಡಾಂಬರು ಪದರಗಳು ಏರಿದಂತೆ ನಕ್ಷೆಯಲ್ಲಿನ ಆಳವೂ ಬದಲಾಗಿರುತ್ತದೆ. ಆದ್ದರಿಂದ ಮಾಲೀಕ ಸಂಸ್ಥೆಯ ಸಿಬ್ಬಂದಿಯು ಸ್ಥಳಕ್ಕೆ ಬಂದು, ನೆಲದ ಮೇಲೆ ಗುರುತು ಹಾಕುವುದು ಅವಶ್ಯಕ. ಗುರುತಿನ ಸಮೀಪದಲ್ಲಿ ಯಂತ್ರವನ್ನು ಬಳಸದೆ, ಕೈಯಿಂದ ಎಚ್ಚರಿಕೆಯಾಗಿ ಅಗೆದು ಮಾರ್ಗವನ್ನು ಖಚಿತಪಡಿಸಿಕೊಳ್ಳಬೇಕು.

ಗುರುತು ಹಾಕಲು ತಗಲುವ ದಿನಗಳನ್ನು ಕಾಮಗಾರಿಯ ಅವಧಿಯಲ್ಲಿ ಸೇರಿಸದಿದ್ದಲ್ಲಿ, ವಿಳಂಬದ ದಂಡಕ್ಕೆ ಅಂಜಿ ಗುತ್ತಿಗೆದಾರರು ಈ ಹಂತವನ್ನು ಕೈಬಿಡುವ ಸಾಧ್ಯತೆಯಿದೆ. ಟೆಂಡರ್ ಷರತ್ತುಗಳಲ್ಲಿಯೇ ಈ ಕಾಲಾವಕಾಶವನ್ನು ಕಲ್ಪಿಸುವುದು ಸೂಕ್ತ. ಫೈಬರ್ ತುಂಡಾದರೆ ಮರುಜೋಡಿಸಬಹುದು. ವಿದ್ಯುತ್ ಕೇಬಲ್‌ಗೆ ಹಾರೆ ತಗುಲಿ ಹೋದ ಕಾರ್ಮಿಕನ ಪ್ರಾಣವನ್ನು ಮರಳಿ ತರಲಾಗದು. ಗುರುತಿಲ್ಲದೆ ಅಗೆತ ಬೇಡವೆಂಬುದನ್ನು ಸಂಬಂಧಪಟ್ಟವರೆಲ್ಲರೂ ಪಾಲಿಸುವುದು ಅಗತ್ಯವಾಗಿದೆ.