ವಾನಪ್ರಸ್ಥದಲ್ಲಿ ಲೇಖನಿ

ಅಕ್ಷರಾಭ್ಯಾಸಕ್ಕೆ ಮುಹೂರ್ತವನ್ನು ನೋಡುವ ಪದ್ಧತಿ ನಮ್ಮಲ್ಲುಂಟು; ಗ್ರಂಥಾರಂಭಕ್ಕೆ ವಯಸ್ಸಿನ ಮಿತಿಯನ್ನು ಯಾವ ಲಾಕ್ಷಣಿಕನೂ ವಿಧಿಸಿಲ್ಲ. ಕಾವ್ಯಹೇತುವೆಂದು ಆಲಂಕಾರಿಕರು ಎಣಿಸಿದುದು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳನ್ನು. ಪ್ರತಿಭೆ ಹುಟ್ಟಿನಿಂದ ಬಂದೀತು. ವ್ಯುತ್ಪತ್ತಿಯಾದರೋ ಲೋಕ, ಶಾಸ್ತ್ರಗಳ ಅವಲೋಕನದಿಂದ ಬರತಕ್ಕದ್ದು. ಅದು ವಯಸ್ಸಿನೊಡನೆಯೇ ಮಾಗುತ್ತದೆ. ಹೀಗಿದ್ದೂ ಅರವತ್ತು ದಾಟಿದ ನಿವೃತ್ತ ಉಪಾಧ್ಯಾಯರೋ, ಗುಮಾಸ್ತರೋ, ಒಕ್ಕಲಿಗರೋ ತಮ್ಮ ಉಳಿತಾಯದ ಹಣದಿಂದ ಒಂದು ಪುಸ್ತಕವನ್ನು ಅಚ್ಚುಹಾಕಿಸಿದರೆ ವಿದ್ವದ್ವಲಯದಲ್ಲಿ ಒಂದು ಕಿರುನಗೆ ಹುಟ್ಟುತ್ತದೆ. ಆ ಕಿರುನಗೆ ವಿಚಾರದಿಂದ ಹುಟ್ಟಿದುದಲ್ಲ.

ಸ್ವಂತ ಖರ್ಚಿನ ಪ್ರಕಾಶನ ಕನ್ನಡದಲ್ಲಿ ಅಗೌರವದ ಸಂಗತಿಯಾಗಿ ಎಂದೂ ಇರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಫ. ಗು. ಹಳಕಟ್ಟಿಯವರ ಚರಿತ್ರೆಯಂತೂ ಈ ನಾಡಿನ ಮಕ್ಕಳು ಅರಿತಿರಬೇಕಾದುದು. 1880ರಲ್ಲಿ ಜನಿಸಿದ ಅವರು ವಿಜಾಪುರದಲ್ಲಿ ವಕೀಲರಾಗಿದ್ದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಾಗ, ಅಂದರೆ 1923ರಲ್ಲಿ, ಅವರಿಗೆ ನಲವತ್ತಮೂರು ವರ್ಷ. ಮುಂದೆ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅಚ್ಚುಕೂಟಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲವದು. ಒಂದು ಪುಟದ ಕರಡನ್ನು ತಿದ್ದುವುದೆಂದರೆ ಸೀಸದ ಮೊಳೆಗಳನ್ನು ಕಿತ್ತು ಮತ್ತೆ ಕೂಡಿಸುವ ಕೆಲಸ. ಗಳಿಕೆಯ ವೃತ್ತಿ ಕೈಯಲ್ಲಿದ್ದ ಪ್ರೌಢವಯಸ್ಕರೊಬ್ಬರು ತಾಳೆಗರಿಗಳ ಕಟ್ಟುಗಳನ್ನು ಅರಸಿ ಅಲೆದು, ಅವನ್ನು ತಾವೇ ಅಚ್ಚುಮಾಡಿಸುವ ಹಟ ತೊಡದಿದ್ದರೆ ವಚನವಾಙ್ಮಯದ ಎಷ್ಟು ಭಾಗ ಗೆದ್ದಲಿಗೆ ಆಹಾರವಾಗುತ್ತಿತ್ತೋ!

ಹಳಕಟ್ಟಿಯವರು ಸಂಪಾದಕರು, ಅವರ ಮಾತು ಬೇರೆ ಎನ್ನುವವರು ನವರತ್ನ ರಾಮರಾಯರನ್ನು ನೆನೆಯಬಹುದು. ಮೈಸೂರು ಸಂಸ್ಥಾನದಲ್ಲಿ ಅಮಲ್ದಾರಿಕೆಯಿಂದ ದೊಡ್ಡ ಹುದ್ದೆಗಳವರೆಗೆ ಸೇವೆ ಸಲ್ಲಿಸಿ, ವಿಶ್ರಾಂತಿಯ ವಯಸ್ಸಿನಲ್ಲಿ ಅವರು ಬರೆದ ‘ಕೆಲವು ನೆನಪುಗಳು’ ಆ ಕಾಲದ ಆಡಳಿತವನ್ನೂ ಹಳ್ಳಿಗರನ್ನೂ ಕಣ್ಣಮುಂದೆ ನಿಲ್ಲಿಸುತ್ತದೆ. ಇಪ್ಪತ್ತರ ಹರೆಯದಲ್ಲಿ ಆ ಗ್ರಂಥವನ್ನು ಬರೆಯಲು ಸಾಧ್ಯವೇ ಇರಲಿಲ್ಲ, ಬರೆಯಬೇಕಾದುದಿನ್ನೂ ನಡೆದಿರಲಿಲ್ಲ.

ಈಗ ಮುದ್ರಣ ಸುಲಭವಾಗಿದೆ. ಸಾವಿರ ಪ್ರತಿಗಳ ಭಾರವಿಲ್ಲದೆ ಐವತ್ತು ಪ್ರತಿಗಳನ್ನಷ್ಟೇ ತೆಗೆಸಬಹುದು. ಈ ಸೌಲಭ್ಯದ ಬೆನ್ನಿಗೇ ಕೆಡುಕೂ ಬಂದಿದೆ. ಪ್ರಕಾಶಕನೆಂಬ ಹೆಸರು ಹೊತ್ತು, ಲೇಖಕನಿಂದಲೇ ಹಣ ಪಡೆದು, ಕರಡನ್ನು ಕಣ್ಣೆತ್ತಿಯೂ ನೋಡದೆ ಅಚ್ಚಿಗೆ ಕಳಿಸುವವರುಂಟು. ಅಕಾರ ಹಕಾರಗಳು ಅದಲುಬದಲಾದ, ಮಹಾಪ್ರಾಣಗಳು ಮನಬಂದಂತೆ ಕುಳಿತ ಪುಟಗಳಿಗೆ ಹೊಳೆಯುವ ರಕ್ಷಾಪುಟ! ಐ.ಎಸ್.ಬಿ.ಎನ್. ಸಂಖ್ಯೆಯನ್ನು ಭಾರತದಲ್ಲಿ ಶುಲ್ಕವಿಲ್ಲದೆ ಕೊಡುತ್ತಾರೆಂಬುದನ್ನೂ, ಲೇಖಕರೇ ಅದಕ್ಕೆ ಅರ್ಜಿ ಸಲ್ಲಿಸಬಹುದೆಂಬುದನ್ನೂ ವೃದ್ಧ ಲೇಖಕರು ತಿಳಿದಿರುವುದೊಳ್ಳೆಯದು. ಹಾಗೆಯೇ 1954ರ ಕಾಯಿದೆಯಂತೆ ಪ್ರಕಟವಾದ ಮೂವತ್ತು ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿಗಳನ್ನು ಕಳಿಸತಕ್ಕದ್ದು. ಸನ್ಮಾನ ಸಮಾರಂಭದಲ್ಲಿ ನೂರು ಪ್ರತಿ ಹಂಚುವವರು ಈ ನಾಲ್ಕನ್ನು ಮರೆಯುತ್ತಾರೆ; ಹಂಚಿದ ನೂರು ಕಳೆದುಹೋದರೂ ಉಳಿಯಬಹುದಾದವು ಈ ನಾಲ್ಕೇ.

ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವನ್ನು ಕೊಡುತ್ತ ಬಂದಿರುವುದು ಶ್ಲಾಘ್ಯವೇ ಸರಿ. ಆದರೆ ಅರವತ್ತೈದರಲ್ಲಿ ಬರೆದ ಮೊದಲ ಪುಸ್ತಕವೂ ಚೊಚ್ಚಲ ಕೃತಿಯೇ ಅಲ್ಲವೆ? ತರುಣನಿಗೆ ಕಾಯುವ ಕಾಲವುಂಟು, ವೃದ್ಧನಿಗೆ ಅದಿಲ್ಲ.

ಬರೆಯುವುದೇನನ್ನು ಎಂಬುದು ಮುಖ್ಯ ಪ್ರಶ್ನೆ. ತಡವಾಗಿ ಲೇಖನಿ ಹಿಡಿದವರಲ್ಲಿ ಬಹುಮಂದಿ ಮುಕ್ತಕಗಳನ್ನೋ, ಆಧುನಿಕ ವಚನಗಳನ್ನೋ ಬರೆಯಹೊರಡುತ್ತಾರೆ. ಕೊನೆಯಲ್ಲಿ ಒಂದು ಅಂಕಿತವನ್ನಿಟ್ಟ ಮಾತ್ರಕ್ಕೆ ಸಾಲುಗಳು ವಚನವಾಗುವುದಿಲ್ಲವೆಂಬುದನ್ನು ಯಾರಾದರೂ ಅವರಿಗೆ ಸ್ನೇಹದಿಂದ ಹೇಳಬೇಕು. ಇತ್ತ ಅವರಿಗೆ ಮಾತ್ರ ಗೊತ್ತಿರುವ ಸಂಗತಿಗಳು ಅವರೊಡನೆಯೇ ಮಣ್ಣುಗೂಡುತ್ತಿವೆ. ಕಪಿಲೆ ಹೊಡೆದು ಬಾವಿಯಿಂದ ನೀರೆತ್ತಿದವರು ಇಂದು ಮುದುಕರು. ಹಗೇವಿನಲ್ಲಿ ಜೋಳವನ್ನು ತುಂಬಿ ಬಾಯಿ ಮುಚ್ಚುವ ಕ್ರಮ, ಕೂರಿಗೆಯ ಒಂದೊಂದು ಅಂಗದ ಹೆಸರು, ಕಣದಲ್ಲಿ ಆಯಗಾರರಿಗೆ ಅಳೆದುಕೊಡುತ್ತಿದ್ದ ಧಾನ್ಯದ ಲೆಕ್ಕ, ಊರ ದಫ್ತರದ ಮೋಡಿ ಲಿಪಿಯನ್ನು ಓದುವ ಬಗೆ: ಇವು ಎಷ್ಟು ನಿಘಂಟುಗಳಲ್ಲಿ ಪೂರ್ಣವಾಗಿ ದೊರೆಯುತ್ತವೆ? ಸಾಮಾನ್ಯ ಕವಿತೆಯ ನೂರು ಪುಟಗಳಿಗಿಂತ ಇಂಥ ಹತ್ತು ಪುಟಗಳಿಂದ ಕನ್ನಡಕ್ಕೆ ಲಾಭವಧಿಕ. ಅಲ್ಲಿ ಛಂದಸ್ಸಿನ ಭಯವೂ ಇಲ್ಲ. ಬಲ್ಲುದನ್ನು ಬಲ್ಲ ಮಾತಿನಲ್ಲಿ ಬರೆದರೆ ಸಾಕು.

ಕೈ ನಡುಗುವ ಅಜ್ಜನಿಗೆ ಮೊಮ್ಮಗನೇ ಲಿಪಿಕಾರನಾಗಲಿ. ಪ್ರೌಢಶಾಲೆಯ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಇಂಥ ಬರಹಗಳ ನಕಲು ತೆಗೆದು, ಕನ್ನಡ ಅಧ್ಯಾಪಕರ ಮುಂದೆ ಕರಡು ತಿದ್ದುವುದನ್ನು ಕಲಿತರೆ ಪಾಠಕ್ಕೆ ಪಾಠ, ಕೆಲಸಕ್ಕೆ ಕೆಲಸ. ಶಾಲೆಯ ಗ್ರಂಥಾಲಯದಲ್ಲಿ ಅವಕ್ಕಾಗಿ ಒಂದು ಕಪಾಟನ್ನು ತೆರವು ಮಾಡಿಕೊಡುವುದು ಕಷ್ಟವೇನಲ್ಲ. ಅಚ್ಚಾಗುವವರೆಗೆ ಹಸ್ತಪ್ರತಿಗಳೂ ಅಲ್ಲಿಯೇ ಇರಬಹುದು.