ಗೀಳು ರೋಗಕ್ಕೆ ಅಯಸ್ಕಾಂತ ಚಿಕಿತ್ಸೆ: ಆಸೆ ಎಷ್ಟು, ಆಸರೆ ಎಷ್ಟು?

ಮುಂಬಯಿ: ಎಷ್ಟು ತೊಳೆದರೂ ಕೈಯಲ್ಲಿ ಕೊಳೆ ಉಳಿದಿದೆ ಎಂಬ ಶಂಕೆ, ಬೀಗ ಹಾಕಿದ್ದು ಹೌದೋ ಅಲ್ಲವೋ ಎಂದು ರೈಲು ನಿಲ್ದಾಣದಿಂದ ಮನೆಗೆ ಮರಳುವ ಚಡಪಡಿಕೆ. ಮನೆಮಂದಿ ಇದನ್ನು ಅತಿಮಡಿ ಎಂದೋ ಹುಟ್ಟುಗುಣ ಎಂದೋ ವರ್ಷಗಟ್ಟಲೆ ಸಹಿಸಿಕೊಳ್ಳುವುದುಂಟು. ವೈದ್ಯರ ಭಾಷೆಯಲ್ಲಿ ಇದು ಗೀಳು ಮನೋರೋಗ, ಅಂದರೆ ಒಸಿಡಿ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸುಮಾರು ಶೇ. 0.8 ಮಂದಿಯಲ್ಲಿ ಈ ರೋಗ ಕಂಡುಬಂದಿತ್ತು.

ಮಾತ್ರೆ ನುಂಗಿ ಬೇಸತ್ತ ಕುಟುಂಬಗಳಿಗೆ ಈಗ ಮಹಾನಗರಗಳ ಖಾಸಗಿ ಚಿಕಿತ್ಸಾಲಯಗಳು ಟಿಎಂಎಸ್ ಎಂಬ ಅಯಸ್ಕಾಂತ ಚಿಕಿತ್ಸೆಯನ್ನು ತೋರಿಸುತ್ತಿವೆ. ತಲೆಯ ಮೇಲಿಟ್ಟ ತಂತಿಸುರುಳಿಯಿಂದ ಹೊಮ್ಮುವ ಕಾಂತೀಯ ಮಿಡಿತಗಳು ಮಿದುಳಿನಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿಸುತ್ತವೆ. ಇದು ಜನ ಹೆದರುವ 'ಶಾಕ್' ಅಲ್ಲ. ಅರಿವಳಿಕೆ ಬೇಡ, ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕುಳಿತಿರುತ್ತಾನೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಆಗಸ್ಟ್‌ನಲ್ಲಿ ಇಂಥ ಒಂದು ಯಂತ್ರಕ್ಕೆ ಒಸಿಡಿಗಾಗಿ ಅನುಮತಿ ನೀಡಿತು. ಆಧಾರ, 100 ರೋಗಿಗಳ ಪರೀಕ್ಷೆ. ನಿಜವಾದ ಚಿಕಿತ್ಸೆ ಪಡೆದವರಲ್ಲಿ ಶೇ. 38, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ. 11 ಮಂದಿ ಸ್ಪಂದಿಸಿದರು. ವ್ಯತ್ಯಾಸ ದೊಡ್ಡದೇ. ಆದರೆ 'ಸ್ಪಂದನೆ' ಎಂದರೆ ಗುಣವಲ್ಲ, ಲಕ್ಷಣಗಳಲ್ಲಿ ಶೇ. 30ರಷ್ಟಾದರೂ ಇಳಿಕೆ. 40 ಅಂಕಗಳ ಮಾಪಕದಲ್ಲಿ 30 ಇದ್ದವರು 21ಕ್ಕೆ ಇಳಿದರೂ ಲೆಕ್ಕಕ್ಕೆ ಸೇರುತ್ತಾರೆ. 21 ಎಂದರೆ ಇನ್ನೂ ಮಧ್ಯಮ ಪ್ರಮಾಣದ ರೋಗವೇ. ಹತ್ತರಲ್ಲಿ ಆರು ಮಂದಿಗೆ ಅಷ್ಟೂ ದಕ್ಕಲಿಲ್ಲ. ಅನುಮತಿಯೂ ವಯಸ್ಕರಿಗೆ, ಪೂರಕ ಚಿಕಿತ್ಸೆಯಾಗಿ ಮಾತ್ರ.

ಜಾಹೀರಾತಿನಲ್ಲಿ ಸಾಮಾನ್ಯವಾಗಿ ಬಾರದ ಸಂಗತಿ ಇನ್ನೊಂದಿದೆ. ಆ ಪರೀಕ್ಷೆಯಲ್ಲಿ ಪ್ರತಿ ಸಲವೂ ಮೊದಲು ರೋಗಿಯ ಅಂಜಿಕೆಯನ್ನೇ ಕೆಣಕಿ, ಬಳಿಕ ಮಿಡಿತ ಕೊಡಲಾಗಿತ್ತು. ಸುರುಳಿಯ ಗುರಿಯೂ ಬೇರೆ. ಖಿನ್ನತೆಗೆ ಸಾಮಾನ್ಯವಾಗಿ ಮಿದುಳಿನ ಎಡ ಮುಂಭಾಗ. ಇಲ್ಲಿ ಮುಂಭಾಗದ ನಡುರೇಖೆಯ ಆಳದ ಪದರ. 2008ರಲ್ಲಿ ಖಿನ್ನತೆಗೆ ಅನುಮತಿ ಪಡೆದ ಚಿಕಿತ್ಸೆಯನ್ನೇ ಗೀಳಿಗೂ ಕೊಟ್ಟು ಶೇ. 38ರ ಅಂಕಿ ತೋರಿಸಿದರೆ ಅದು ನ್ಯಾಯವಲ್ಲ. ಯಾವ ಸುರುಳಿ, ಯಾವ ಭಾಗಕ್ಕೆ ಎಂದು ಕೇಳಲು ಸಂಕೋಚ ಬೇಡ.

ದುಡಿಯುವವರಿಗೆ ಕಷ್ಟ ಮತ್ತೊಂದು. ವಾರಕ್ಕೆ ಐದು ದಿನದಂತೆ ಆರು ವಾರ, 29 ಸರದಿ. ರಜೆ ಯಾರು ಕೊಡುತ್ತಾರೆ? 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಕ್ಕೂ ಇತರ ಕಾಯಿಲೆಗಳಂತೆಯೇ ವಿಮೆ ಇರಬೇಕೆನ್ನುತ್ತದೆ. ಆದರೆ ಆಸ್ಪತ್ರೆಯಲ್ಲಿ ದಾಖಲಾದರಷ್ಟೇ ಹಣ ಕೊಡುವ ಪಾಲಿಸಿಯಿದ್ದರೆ, ಅಂದೇ ಮನೆಗೆ ಮರಳುವ ಈ ಚಿಕಿತ್ಸೆ ಅದರ ಹೊರಗುಳಿಯಬಹುದು. ಕಂಪೆನಿಯಿಂದ ಮೊದಲೇ ಲಿಖಿತ ಉತ್ತರ ಪಡೆಯುವುದು ಲೇಸು.

ಅದಕ್ಕೂ ಮುನ್ನ ಹಳೆಯ ದಾರಿ ಪೂರ್ತಿ ಸವೆದಿದೆಯೇ? ಒಸಿಡಿಗೆ ಮಾತ್ರೆಗಳು ಖಿನ್ನತೆಗಿಂತ ಹೆಚ್ಚಿನ ಪ್ರಮಾಣದಲ್ಲಿ, 8ರಿಂದ 12 ವಾರ ಬೇಕು. ಅನೇಕರು ತಿಂಗಳೊಳಗೇ ಬಿಡುತ್ತಾರೆ. ಅಂಜುವ ವಸ್ತುವನ್ನು ಮುಟ್ಟಿಸಿ, ತೊಳೆಯದೆ ಇರಲು ಅಭ್ಯಾಸ ಮಾಡಿಸುವ ವರ್ತನಾ ಚಿಕಿತ್ಸೆಯಂತೂ ಎಷ್ಟೋ ಮಂದಿಗೆ ಸಿಕ್ಕೇ ಇರುವುದಿಲ್ಲ. ಅದು ಮಾತಿನ ಚಿಕಿತ್ಸೆ. ಹಿಂದಿ-ಮರಾಠಿಯಲ್ಲಿ ತಡವರಿಸುವ ಹಿರಿಯರಿಗೆ ಕನ್ನಡ, ತುಳು ಬಲ್ಲವರೇ ಬೇಕು. ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ವಿಶೇಷ ವಿಭಾಗವಿದೆ. 2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಉಚಿತ ದೂರವಾಣಿ 14416ರಲ್ಲಿ ಕನ್ನಡದಲ್ಲೂ ಸಲಹೆ ಸಿಗುತ್ತದೆ.

ಅಪಸ್ಮಾರ ಇದ್ದವರು, ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಿವಿಯಲ್ಲಿ ಶ್ರವಣಯಂತ್ರ ಕಸಿ ಮಾಡಿಸಿಕೊಂಡವರು ಟಿಎಂಎಸ್‌ಗೆ ಮುನ್ನವೇ ಅದನ್ನು ವೈದ್ಯರಿಗೆ ತಿಳಿಸಬೇಕು. ಉಳಿದವರಿಗೆ ಹೆಚ್ಚಾಗಿ ಕಾಡುವುದು ತಲೆನೋವು, ಸೆಳವು ಅಪರೂಪ.